‘ತ್ರೀ ಓ’ಕ್ಲಾಕ್ ಹೈ’ ಮತ್ತೆ ನೋಡುವುದಾದರೆ: ಬಾಡಿಗೆಯೋ, ಡಿವಿಡಿಯೋ, ಬ್ಲೂ-ರೇಯೋ?

‘ತ್ರೀ ಓ’ಕ್ಲಾಕ್ ಹೈ’ ಎಂಬ ಎಂಬತ್ತರ ದಶಕದ ಅಮೆರಿಕದ ಹೈಸ್ಕೂಲ್ ಕಾಮಿಡಿ ಚಿತ್ರದ ಮಾತು ಬಂದಾಗಲೆಲ್ಲ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ. "ಸರಿ, ಹೇಗೆ ನೋಡೋದು?" ಮೈಸೂರಿನ ಒಬ್ಬರ ಮನೆಯಲ್ಲಿ ದೊಡ್ಡ ಟಿವಿ ಇದೆ, ಡಿಸ್ಕ್ ಪ್ಲೇಯರ್ ಇಲ್ಲ. ಟೆಕ್ಸಾಸ್‌ನಲ್ಲಿರುವ ಇನ್ನೊಬ್ಬರ ಹತ್ತಿರ ಹಳೇ ಡಿವಿಡಿ ಇದೆ, ಅದಕ್ಕಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿಗೆ ಮತ್ತೆ ದುಡ್ಡು ಹಾಕಬೇಕಾ ಎಂದು ಯೋಚಿಸುತ್ತಿದ್ದಾರೆ. ಮತ್ತೊಬ್ಬರಿಗೆ ಒಂಬತ್ತನೇ ಕ್ಲಾಸಿನ ಮಗನ ಪಕ್ಕ ಕೂತು ನೋಡುವ ಆಸೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ನನಗೆ ತಿಳಿದದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಚಿತ್ರದ ಬಗ್ಗೆ ನಾಲ್ಕು ಮಾತು. ಏಕೆಂದರೆ ಯಾವ ರೂಪದಲ್ಲಿ ನೋಡಬೇಕು ಅನ್ನುವುದಕ್ಕೆ ಉತ್ತರ ಚಿತ್ರದೊಳಗೇ ಇದೆ.

‘ತ್ರೀ ಓ’ಕ್ಲಾಕ್ ಹೈ’ ಅಮೆರಿಕದಲ್ಲಿ ತೆರೆಗೆ ಬಂದದ್ದು 1987ರ ಅಕ್ಟೋಬರ್‌ನಲ್ಲಿ. ನಿರ್ದೇಶಕ ಫಿಲ್ ಜೊಆನೂಗೆ ಇದು ಮೊದಲ ಚಲನಚಿತ್ರ. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಅದಕ್ಕೆ ಮುಂಚೆ ಸ್ಪೀಲ್‌ಬರ್ಗ್ ಅವರ ಟಿವಿ ಸರಣಿಗೆ ಕೆಲವು ಕಂತು ಮಾಡಿದ್ದರು. ಮರುವರ್ಷವೇ ಯೂ2 ವಾದ್ಯವೃಂದದ ಸಾಕ್ಷ್ಯಚಿತ್ರ ಮಾಡಿ ಹೆಸರು ಮಾಡಿದರು. ಆದರೆ ಈ ಮೊದಲ ಚಿತ್ರ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಅಮೆರಿಕದಲ್ಲಿ ಅದು ಗಳಿಸಿದ್ದು ಸುಮಾರು 37 ಲಕ್ಷ ಡಾಲರ್, ಹಾಕಿದ ದುಡ್ಡೂ ಹುಟ್ಟಲಿಲ್ಲ. ಅದನ್ನು ಉಳಿಸಿದ್ದು ಬಾಡಿಗೆ ಕ್ಯಾಸೆಟ್ ಮತ್ತು ಕೇಬಲ್ ಟಿವಿ.

ಕಥೆ ಇಷ್ಟೇ. ಜೆರ್ರಿ ಮಿಚೆಲ್ ಒಬ್ಬ ಸಾಧು ಹುಡುಗ. ಶಾಲೆಯೊಳಗಿನ ಪುಟ್ಟ ಅಂಗಡಿಯನ್ನು ನೋಡಿಕೊಳ್ಳುತ್ತಾನೆ. ಅಪ್ಪ ಅಮ್ಮ ಊರಲ್ಲಿಲ್ಲ. ಅವತ್ತು ಬಡ್ಡಿ ರೆವೆಲ್ ಎಂಬ ಹೊಸ ಹುಡುಗ ಶಾಲೆಗೆ ಸೇರುತ್ತಾನೆ. ಅವನ ಬಗ್ಗೆ ಭಯಂಕರ ಕಥೆಗಳು ಆಗಲೇ ಹಬ್ಬಿವೆ. ಅವನನ್ನು ಯಾರೂ ಮುಟ್ಟುವಂತಿಲ್ಲ. ಶಾಲೆಯ ಪತ್ರಿಕೆಗೆ ಅವನ ಪರಿಚಯ ಬರೆಯುವ ಕೆಲಸ ಜೆರ್ರಿಯ ತಲೆಗೆ ಬೀಳುತ್ತದೆ. ಟಾಯ್ಲೆಟ್ಟಿನಲ್ಲಿ ಮಾತಾಡಿಸಲು ಹೋಗಿ, ಗಾಬರಿಯಲ್ಲಿ ಅವನ ತೋಳು ತಟ್ಟಿಬಿಡುತ್ತಾನೆ. ಮುಗಿಯಿತು. ಮೂರು ಗಂಟೆಗೆ, ಪಾರ್ಕಿಂಗ್ ಜಾಗದಲ್ಲಿ, ಹೊಡೆದಾಟ. ಅಲ್ಲಿಂದ ಮುಂದಿನದೆಲ್ಲ ಜೆರ್ರಿ ಆ ಮೂರು ಗಂಟೆಯಿಂದ ತಪ್ಪಿಸಿಕೊಳ್ಳಲು ಮಾಡುವ ಪಾಡು. ಪ್ರತಿ ಪ್ರಯತ್ನವೂ ಅವನನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ.

ಇದನ್ನೇ ಬೇರೆಯವರು ಮಾಡಿದ್ದರೆ ಮಾಮೂಲಿ ಹುಡುಗಾಟದ ಸಿನಿಮಾ ಆಗುತ್ತಿತ್ತು. ಇಲ್ಲಿ ಕ್ಯಾಮೆರಾ ಹಿಡಿದದ್ದು ಬ್ಯಾರಿ ಸೊನೆನ್‌ಫೆಲ್ಡ್. ಅಮೆರಿಕದ ನಿರ್ದೇಶಕರಾದ ಕೋಯೆನ್ ಸಹೋದರರ ಮೊದಲ ಎರಡು ಚಿತ್ರಗಳಿಗೆ ಛಾಯಾಗ್ರಾಹಕರಾಗಿದ್ದವರು, ಮುಂದೆ ತಾವೇ ದೊಡ್ಡ ನಿರ್ದೇಶಕರಾದವರು. ಅವರ ಕ್ಯಾಮೆರಾ ನೆಲಮಟ್ಟದಲ್ಲಿ ಓಡುತ್ತದೆ, ಮುಖಕ್ಕೇ ನುಗ್ಗುತ್ತದೆ, ಹುಡುಗರ ಗುಸುಗುಸು ಮಾತಿನ ಹಿಂದೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಗಡಿಯಾರದ ಮುಳ್ಳು ಪರದೆ ತುಂಬ ಬಂದು ನಿಲ್ಲುತ್ತದೆ. ಸಂಗೀತ ಬರ್ಲಿನ್‌ನ ಟ್ಯಾಂಜರೀನ್ ಡ್ರೀಮ್ ತಂಡದ್ದು. ಎಲೆಕ್ಟ್ರಾನಿಕ್ ಸಂಗೀತಕ್ಕೆ 1967ರಿಂದ ಹೆಸರಾದ ಗುಂಪು ಅದು. ಹೈಸ್ಕೂಲ್ ಕಾಮಿಡಿಗೆ ಥ್ರಿಲ್ಲರ್ ಸಂಗೀತ! ಸಿಂಥಸೈಜರ್ ಸುಮ್ನೆ ಮಿಡಿಯುತ್ತಾ ಹೋಗುತ್ತದೆ, ನಮ್ಮ ಎದೆಯೂ ಅದರ ಜೊತೆ ಬಡಿಯುತ್ತದೆ.

ಅಂದರೆ, ಈ ಚಿತ್ರದ ನಗು ಮಾತಿನಲ್ಲಿ ಕಡಿಮೆ, ಚೌಕಟ್ಟಿನಲ್ಲಿ ಮತ್ತು ಗಡಿಯಾರದಲ್ಲಿ ಜಾಸ್ತಿ. ಬರೀ ಮಾತಿನ ಮೇಲೆ ನಿಂತ ಕಾಮಿಡಿಯನ್ನು ಫೋನಿನಲ್ಲಿ, ಮಸುಕು ಪ್ರಿಂಟಿನಲ್ಲಿ, ಬಸ್ಸಿನಲ್ಲಿ ಕೂತು ನೋಡಿದರೂ ಮುಕ್ಕಾಲು ಪಾಲು ಸಿಗುತ್ತದೆ. ಇದು ಹಾಗಲ್ಲ. ಹೇಗೆ ನೋಡುತ್ತೀರಿ ಅನ್ನುವುದರ ಮೇಲೆ ಏನು ಸಿಗುತ್ತದೆ ಅನ್ನುವುದು ನಿಂತಿದೆ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು?

ನಾನು ನೋಡುವುದು ಐದು ಸಂಗತಿ. ಎಲ್ಲವೂ ಸಮ ತೂಕದವಲ್ಲ.

ಎಲ್ಲಕ್ಕಿಂತ ಮುಖ್ಯ, ಚೌಕಟ್ಟು ಪೂರ್ತಿ ಇದೆಯಾ ಅನ್ನುವುದು. ಥಿಯೇಟರಿನಲ್ಲಿ ಈ ಚಿತ್ರದ ಆಕಾರ 1.85:1. ನಮ್ಮ ಇವತ್ತಿನ ಟಿವಿ 16:9, ಅಂದರೆ 1.78:1. ಎರಡೂ ಹತ್ತಿರ ಹತ್ತಿರ. ಸರಿಯಾದ ಪ್ರತಿಯಾದರೆ ಮೇಲೆ ಕೆಳಗೆ ತೆಳ್ಳಗಿನ ಕಪ್ಪು ಪಟ್ಟಿ ಕಾಣಬಹುದು, ಅಷ್ಟೇ. ಎರಡೂ ಪಕ್ಕ ದಪ್ಪ ಕಪ್ಪು ಪಟ್ಟಿ ಬಂದರೆ ಅದು ಹಳೇ ಚೌಕ ಟಿವಿಗೆ ಮಾಡಿದ ಪ್ರತಿ ಎಂದು ತಿಳಿಯಿರಿ. ಆಗ ನೀವು ನೋಡುತ್ತಿರುವುದು ಸೊನೆನ್‌ಫೆಲ್ಡ್ ಕಟ್ಟಿದ ಚೌಕಟ್ಟನ್ನಲ್ಲ.

ಎರಡನೆಯದು ತಡೆಯಿಲ್ಲದ ಓಟ. ಬೆಳಗ್ಗೆಯಿಂದ ಮಧ್ಯಾಹ್ನ ಮೂರರವರೆಗಿನ ಒಂದೇ ದಿನದ ಕಥೆ. ಒತ್ತಡ ಹನಿ ಹನಿಯಾಗಿ ಕೂಡುತ್ತದೆ. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿಂದ ಕೂಡಬೇಕು.

ಮೂರನೆಯದು ಸದ್ದು. ಆಮೇಲೆ ಜೊತೆಗೆ ಬರುವ ಹೆಚ್ಚುವರಿ ಸಾಮಗ್ರಿ: ನಿರ್ದೇಶಕರ ಮಾತು, ಸಂದರ್ಶನ ಇತ್ಯಾದಿ. ಕೊನೆಗೆ ಖರ್ಚು. ಖರ್ಚು ಅಂದರೆ ಡಿಸ್ಕಿನ ಬೆಲೆ ಒಂದೇ ಅಲ್ಲ. ಪ್ಲೇಯರ್, ಸಾಗಣೆ, ಕಸ್ಟಮ್ಸ್ ಸುಂಕ, ತಲೆನೋವು, ಎಲ್ಲ ಸೇರಿ.

ಜಾಹೀರಾತಿನ ಜೊತೆ ಬರುವ ಸ್ಟ್ರೀಮಿಂಗ್

ಕೆಲವು ಸ್ಟ್ರೀಮಿಂಗ್ ಸೇವೆಗಳು ಹಳೇ ಚಿತ್ರಗಳನ್ನು ಜಾಹೀರಾತು ಹಾಕಿ ಬಿಟ್ಟಿಯಾಗಿ ತೋರಿಸುತ್ತವೆ. ಇಂಥ ಚಿತ್ರಗಳು ಒಂದು ತಿಂಗಳು ಅಲ್ಲಿರುತ್ತವೆ, ಮುಂದಿನ ತಿಂಗಳು ಇರುವುದಿಲ್ಲ. ದೇಶದಿಂದ ದೇಶಕ್ಕೂ ಬದಲಾಗುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿದ್ದು ಇಲ್ಲ.

ಆದರೂ ಈ ಚಿತ್ರಕ್ಕೆ ನಾನು ಇದನ್ನು ಕೊನೆಯ ಆಯ್ಕೆ ಅನ್ನುತ್ತೇನೆ. ಗಡಿಯಾರ ಎರಡೂವರೆ ತೋರಿಸುತ್ತಿದೆ, ಜೆರ್ರಿ ಶಾಲೆಯಿಂದ ಹೊರಗೆ ಓಡಲು ದಾರಿ ಹುಡುಕುತ್ತಿದ್ದಾನೆ, ಆ ಹೊತ್ತಿಗೆ ಕಾರಿನ ವಿಮೆಯ ಜಾಹೀರಾತು ಬಂದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಅಲ್ವಾ? ಬೇರೆ ಯಾವ ಎಂಬತ್ತರ ಕಾಮಿಡಿಯಾದರೂ ಸಹಿಸಬಹುದು. ಇದಕ್ಕೆ ಬೇಡ. ಒಮ್ಮೆ ಅರ್ಧ ಗಂಟೆ ನೋಡಿ, ನಿಮಗೆ ಈ ಥರದ ಚಿತ್ರ ಹಿಡಿಸುತ್ತದಾ ಎಂದು ತಿಳಿಯಲು ಮಾತ್ರ ಬಳಸಿ.

ಡಿಜಿಟಲ್ ಬಾಡಿಗೆ, ಡಿಜಿಟಲ್ ಖರೀದಿ

ಪ್ಲೇಯರ್ ಇಲ್ಲದ ಮನೆಗೆ ಇದೇ ಸುಲಭದ ದಾರಿ. ಅಮೆರಿಕದಲ್ಲಿ ಹಳೇ ಚಿತ್ರವೊಂದರ ಬಾಡಿಗೆ ಸಾಮಾನ್ಯವಾಗಿ 4 ಡಾಲರ್ ಆಸುಪಾಸು. ದುಡ್ಡು ಕಟ್ಟಿ, ನೋಡಿ, ಮರೆತುಬಿಡಬಹುದು. ಜಾಹೀರಾತಿಲ್ಲ. ಬಾಡಿಗೆಗೆ ತೆಗೆದುಕೊಳ್ಳುವಾಗ ಎಚ್‌ಡಿ ಎಂದು ಬರೆದಿರುವುದನ್ನೇ ಆರಿಸಿ. ಕಡಿಮೆ ವಿವರದ ಎಸ್‌ಡಿ ಅಗ್ಗ ಇರಬಹುದು, ಆದರೆ ಅದು ಡಿವಿಡಿ ಮಟ್ಟದ ಚಿತ್ರ.

ಭಾರತದಲ್ಲಿರುವವರಿಗೆ ಒಂದು ಮಾತು. ಡಿಜಿಟಲ್ ಅಂಗಡಿಗಳು ದೇಶಕ್ಕೊಂದು. ಅಮೆರಿಕದ ಅಂಗಡಿಯಲ್ಲಿ ಇದ್ದದ್ದು ನಮ್ಮಲ್ಲಿ ಇರಲೇಬೇಕೆಂದಿಲ್ಲ. ಬೇರೆಯವರ ಮಾತು ಕೇಳಿ ಯಾವುದೋ ಸೇವೆಗೆ ವರ್ಷದ ಚಂದಾ ಕಟ್ಟುವ ಮೊದಲು, ನಿಮ್ಮ ಖಾತೆಯಲ್ಲೇ ಚಿತ್ರದ ಹೆಸರು ಹಾಕಿ ಹುಡುಕಿ ನೋಡಿ.

ಚಿತ್ರದ ಗುಣಮಟ್ಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲೂ-ರೇ ಮತ್ತು ಎಚ್‌ಡಿ ಸ್ಟ್ರೀಮಿಂಗ್ ಎರಡೂ 1920×1080, ಅಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿ ಎಂದೇ ಹೇಳಿಕೊಳ್ಳುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಪ್ರತಿ ಸೆಕೆಂಡಿಗೆ ಎಷ್ಟು ಮಾಹಿತಿ ಹರಿದು ಬರುತ್ತದೆ ಅನ್ನುವುದರಲ್ಲಿ. 1080ರ ಸ್ಟ್ರೀಮಿಂಗ್‌ಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗದ ಇಂಟರ್‌ನೆಟ್ ಸಾಕು ಎನ್ನುತ್ತದೆ ನೆಟ್‌ಫ್ಲಿಕ್ಸ್. ಬ್ಲೂ-ರೇಯಲ್ಲಿ ಚಿತ್ರಕ್ಕೇ 40 ಮೆಗಾಬಿಟ್‌ವರೆಗೆ ಜಾಗ ಇದೆ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಈ ಅಂತರ ಗೊತ್ತಾಗುವುದಿಲ್ಲ. ಆದರೆ ಫಿಲ್ಮಿನಲ್ಲಿ ತೆಗೆದ ಚಿತ್ರದ ಮೈಮೇಲೆ ಸಣ್ಣ ಮರಳಿನಂಥ ಕಾಳು ಆಡುತ್ತಿರುತ್ತದೆ. ಕ್ಯಾಮೆರಾ ಬೇಗ ಓಡಿದಾಗ, ಕತ್ತಲ ಮೂಲೆಗಳಲ್ಲಿ, ಸ್ಟ್ರೀಮಿಂಗ್ ಆ ಕಾಳನ್ನು ಒರೆಸಿ ಮೇಣದ ಹಾಗೆ ಮಾಡಿಬಿಡುತ್ತದೆ.

ಗ್ರಂಥಾಲಯದ ದೃಶ್ಯವನ್ನು ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ. ಬಡ್ಡಿಗೆ ಬುದ್ಧಿ ಕಲಿಸಲೆಂದು ಜೆರ್ರಿ ಒಬ್ಬ ದಪ್ಪ ಫುಟ್‌ಬಾಲ್ ಹುಡುಗನನ್ನು ಗೊತ್ತು ಮಾಡುತ್ತಾನೆ. ಬಡ್ಡಿ ಕೊಟ್ಟ ಒಂದೇ ಏಟಿಗೆ ಅವನು ಪುಸ್ತಕದ ಕಪಾಟಿಗೆ ಹೋಗಿ ಬೀಳುತ್ತಾನೆ. ಒಂದು ಕಪಾಟು ಇನ್ನೊಂದರ ಮೇಲೆ, ಅದು ಮತ್ತೊಂದರ ಮೇಲೆ, ಸಾಲಿಗೆ ಸಾಲೇ ಉರುಳುತ್ತದೆ. ಪುಸ್ತಕಗಳ ಮಳೆ. ಅಷ್ಟೊಂದು ಸಣ್ಣ ವಸ್ತುಗಳು ಒಟ್ಟಿಗೆ ಅಲುಗಾಡುವಾಗ ಕಡಿಮೆ ಮಾಹಿತಿಯ ಸ್ಟ್ರೀಮಿಂಗ್ ತಡವರಿಸುತ್ತದೆ. ನಿಮ್ಮ ಟಿವಿ 43 ಇಂಚಿನೊಳಗಿದ್ದು, ಎಂಟು ಹತ್ತು ಅಡಿ ದೂರ ಕೂರುವವರಾದರೆ ಇದರ ಚಿಂತೆ ಬಿಡಿ. 65 ಇಂಚಿನ ಎದುರು ಕೂರುವವರಿಗೆ ಕಣ್ಣಿಗೆ ಹೊಡೆಯುತ್ತದೆ.

ಡಿಜಿಟಲ್ ಖರೀದಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ನೀವು ಕೊಳ್ಳುವುದು ನೋಡುವ ಪರವಾನಗಿ, ಚಿತ್ರವನ್ನಲ್ಲ. ಅಂಗಡಿ ಮುಚ್ಚಿದರೆ, ಹಕ್ಕು ಕೈ ಬದಲಾದರೆ, ನಿಮ್ಮ ದೇಶ ಬದಲಾದರೆ ಏನಾಗುತ್ತದೆ ಅನ್ನುವುದು ಆ ಉದ್ದನೆಯ ಷರತ್ತುಗಳಲ್ಲಿ ಇರುತ್ತದೆ. ಒಮ್ಮೆ ನೋಡಲು ಬಾಡಿಗೆ ಸಾಕು. ಇಟ್ಟುಕೊಳ್ಳುವುದಾದರೆ ಡಿಸ್ಕ್.

ಹಳೇ ಕ್ಯಾಸೆಟ್

ವಿಎಚ್‌ಎಸ್ ಕ್ಯಾಸೆಟ್ ಬಗ್ಗೆ ಕೇಳುವವರು ಈಗಲೂ ಇದ್ದಾರೆ, ಅದರ ಹಿಂದಿನ ಪ್ರೀತಿ ನನಗೂ ಗೊತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ವಿಡಿಯೊ ಲೈಬ್ರರಿ ಇದ್ದ ಕಾಲದಲ್ಲಿ ಬೆಳೆದವರಿಗೆ ಕ್ಯಾಸೆಟ್ಟಿನ ಡಬ್ಬಿ ತೆಗೆದಾಗ ಬರುವ ವಾಸನೆಯೇ ಬೇರೆ. ಆದರೆ ಅದರಲ್ಲಿ ಸಿಗುವುದು ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ, ಅದೂ ಚೌಕ ಟಿವಿಗೆ ಹೊಂದಿಸಿದ ಚೌಕಟ್ಟಿನಲ್ಲಿ. ಟೇಪು ಸುಮ್ನೆ ಇಟ್ಟರೂ ಸವೆಯುತ್ತದೆ. ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನೈ 2016ರಲ್ಲಿ ಅದನ್ನು ನಿಲ್ಲಿಸಿತು. ಕಪಾಟಿನಲ್ಲಿ ಇಡಲು ಕೊಳ್ಳಿ. ನೋಡಲು ಬೇಡ.

ಡಿವಿಡಿ

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ವರ್ಷಗಳ ಹಿಂದೆ ಅಮೆರಿಕದಿಂದ ಬರುತ್ತಿದ್ದ ಅಕ್ಕನ ಹತ್ತಿರ ಒಂದಿಷ್ಟು ಹಳೇ ಚಿತ್ರಗಳ ಡಿವಿಡಿ ತರಿಸಿಕೊಂಡೆ. ಮಾರಿದವರು ಎಲ್ಲಿ ಬೇಕಾದರೂ ಓಡುತ್ತದೆ ಎಂದು ಬರೆದಿದ್ದರು. ಮನೆಯ ಪ್ಲೇಯರಿಗೆ ಹಾಕಿದರೆ ‘ತಪ್ಪು ವಲಯ’ ಎಂದು ತೋರಿಸಿ ಡಿಸ್ಕನ್ನು ಹೊರಗೆ ತಳ್ಳಿತು. ಅಕ್ಕ ಅಷ್ಟು ದೂರದಿಂದ ಹೊತ್ತು ತಂದಿದ್ದಳು, ಅವಳ ಮುಖ ನೋಡಿ ನನಗೆ ತುಂಬ ಬೇಜಾರಾಯಿತು. ನಿಮಗೆ ಹಾಗಾಗಬಾರದು.

ಡಿವಿಡಿ ಲೋಕವನ್ನು ವಲಯಗಳಾಗಿ ಹಂಚಿದ್ದಾರೆ. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದ ಹಾಗೆ ಬೀಗ ಹಾಕಿರುತ್ತಾರೆ. ಅಮೆರಿಕ 1ನೇ ವಲಯ. ಭಾರತ 5ನೇ ವಲಯ. ನಮ್ಮಲ್ಲಿ ಮಾರಿದ ಅಗ್ಗದ ಡಿವಿಡಿ ಪ್ಲೇಯರುಗಳಲ್ಲಿ ಎಷ್ಟೋ ಈ ಬೀಗವನ್ನು ಲೆಕ್ಕಿಸುವುದಿಲ್ಲ. ಇನ್ನು ಕೆಲವನ್ನು ರಿಮೋಟಿನ ಕೆಲವು ಗುಂಡಿ ಒತ್ತಿ ಬಿಡಿಸಬಹುದು. ಹಾಗಾಗಿ ಮೊದಲು ನಿಮ್ಮ ಪ್ಲೇಯರಿನ ಮಾದರಿ ಸಂಖ್ಯೆ ನೋಡಿ ವಿಚಾರಿಸಿ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ಐದನೆಯ ಸಲಕ್ಕೆ ಅದು ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಕುತೂಹಲಕ್ಕೆ ಬದಲಿಸುತ್ತಾ ಕೂರಬೇಡಿ.

ಇನ್ನೊಂದು ಸೂಕ್ಷ್ಮ ಇದೆ, ಈ ಚಿತ್ರಕ್ಕೆ ಅದು ಮುಖ್ಯ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಬಿಡಿ ಚಿತ್ರಗಳಂತೆ. ಯುರೋಪಿನ, ನಮ್ಮ ದೇಶದ ‘ಪಾಲ್’ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. ಅಂದರೆ ಶೇ 4ರಷ್ಟು ವೇಗ. 90 ನಿಮಿಷದ ಚಿತ್ರ 86 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಸರಿಪಡಿಸದಿದ್ದರೆ ಸಂಗೀತದ ಶ್ರುತಿಯೂ ಸ್ವಲ್ಪ ಏರುತ್ತದೆ. ಶ್ರುತಿಜ್ಞಾನ ಇರುವ ಕಿವಿಗೆ ಟ್ಯಾಂಜರೀನ್ ಡ್ರೀಮ್‌ನ ಆ ನಿಧಾನದ ಮಿಡಿತ ಎಲ್ಲೋ ಅವಸರಪಟ್ಟ ಹಾಗೆ ಕೇಳುತ್ತದೆ. ಅಮೆರಿಕದ ಡಿವಿಡಿಯಲ್ಲಿ ಈ ತೊಂದರೆ ಇಲ್ಲ, ಆದರೆ ಚಿತ್ರದ ವಿವರ 720×480. ಬ್ಲೂ-ರೇಯ ಚುಕ್ಕಿಗಳಲ್ಲಿ ಆರನೇ ಒಂದು ಭಾಗ.

ಇಷ್ಟಾದರೂ ಡಿವಿಡಿಯನ್ನು ತಳ್ಳಿಹಾಕಬೇಡಿ. ಹಳೇ ಡಿಸ್ಕ್ ಅಗ್ಗಕ್ಕೆ ಸಿಗುತ್ತದೆ. 32 ಇಂಚಿನ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಇಂಟರ್‌ನೆಟ್ ಬೇಡ. ಕೊಳ್ಳುವಾಗ ಹಿಂಬದಿಯಲ್ಲಿ ವೈಡ್‌ಸ್ಕ್ರೀನ್ ಎಂದಿದೆಯಾ ನೋಡಿ. ಕೈಬದಲಾದ ಡಿಸ್ಕ್ ಆದರೆ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ. ಕೂದಲೆಳೆಯಂಥ ಗೀರು ಪರವಾಗಿಲ್ಲ. ವೃತ್ತದ ಗುಂಟ ಸುತ್ತುವ ಆಳವಾದ ಗೀರು ಇದ್ದರೆ ಬಿಟ್ಟುಬಿಡಿ.

ಬ್ಲೂ-ರೇ

ಶೌಟ್ ಫ್ಯಾಕ್ಟರಿ ಎಂಬ ಅಮೆರಿಕದ ಸಂಸ್ಥೆ 2017ರಲ್ಲಿ ತನ್ನ ಶೌಟ್ ಸೆಲೆಕ್ಟ್ ಮಾಲೆಯಲ್ಲಿ ಇದರ ಬ್ಲೂ-ರೇ ತಂದಿತು. ದೊಡ್ಡ ಸ್ಟುಡಿಯೊಗಳು ಮೂಲೆಗೆ ಸರಿಸಿದ ಚಿತ್ರಗಳ ಹಕ್ಕು ಪಡೆದು ಅಕ್ಕರೆಯಿಂದ ಹೊರತರುವ ಸಂಸ್ಥೆ ಅದು. ನನ್ನ ಮನಸ್ಸು ವಾಲುವುದು ಇದರ ಕಡೆಗೇ.

ಯಾಕೆ? ಚಿತ್ರ ತೆಗೆದದ್ದು ಯೂಟಾ ರಾಜ್ಯದ ಆಗ್ಡೆನ್ ಹೈಸ್ಕೂಲಿನಲ್ಲಿ. 1937ರಲ್ಲಿ, ಆರ್ಥಿಕ ಮಹಾ ಕುಸಿತದ ಕಾಲದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸುರಿದು ಕಟ್ಟಿದ ಆರ್ಟ್ ಡೆಕೊ ಶೈಲಿಯ ಕಟ್ಟಡ ಅದು. ಕಥೆಯಲ್ಲಿ ಅದರ ಹೆಸರು ವೀವರ್ ಹೈ. ಡಿವಿಡಿಯಲ್ಲಿ ಅದು ಬರೀ ಒಂದು ಶಾಲೆ. ಬ್ಲೂ-ರೇಯಲ್ಲಿ ಆ ಕಾರಿಡಾರುಗಳ ಹೊಳಪು, ಗೋಡೆಯ ಕೆತ್ತನೆ, ಹುಡುಗರ ಬೆವರು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಹುಡುಗನೊಬ್ಬನನ್ನು ಆ ಕಟ್ಟಡ ಹೇಗೆ ನುಂಗಿ ಕೂತಿದೆ ಅನ್ನುವುದು ಆಗ ತಿಳಿಯುತ್ತದೆ. ಗುಂಪಿನ ದೃಶ್ಯಗಳಲ್ಲಿ ಹಿಂದೆ ನಿಂತವರ ಮುಖವೂ ಓದಲು ಸಿಗುತ್ತದೆ. ಮುಂದೆ ಹೆಸರಾದ ಎಷ್ಟೋ ಜನ ಇಲ್ಲಿ ಸಣ್ಣ ಪಾತ್ರದಲ್ಲಿದ್ದಾರೆ. ‘ದ ಸಿಂಪ್ಸನ್ಸ್’ ಕಾರ್ಟೂನಿನ ಲೀಸಾ ಸಿಂಪ್ಸನ್‌ಗೆ ದನಿ ಕೊಟ್ಟ ಯಾರ್ಡ್ಲಿ ಸ್ಮಿತ್ ಇದ್ದಾರೆ. ನಿರ್ದೇಶಕರಾಗಿ ಬೆಳೆದ ಪಾಲ್ ಫೀಗ್ ಇದ್ದಾರೆ. ಕಾವಲುಗಾರನಾಗಿ ಮಿಚ್ ಪಿಲೆಗಿ, ಪತ್ತೇದಾರನಾಗಿ ಫಿಲಿಪ್ ಬೇಕರ್ ಹಾಲ್. ಮತ್ತೆ ನೋಡುವವರಿಗೆ ಇವರನ್ನು ಗುರುತಿಸುವುದೇ ಒಂದು ಸಂತೋಷ.

ಜೊತೆಗೆ ನಿರ್ದೇಶಕ ಜೊಆನೂ ಅವರ ವ್ಯಾಖ್ಯಾನದ ಧ್ವನಿ ಇದೆ, ಸಂದರ್ಶನಗಳೂ ಇವೆ. ಸಿನಿಮಾ ಮಾಡುವ ಆಸೆ ಇರುವ ಹುಡುಗರಿಗೆ, ಹುಡುಗಿಯರಿಗೆ ಇದೊಂದೇ ಕಾರಣ ಸಾಕು. ಮೊದಲ ಚಿತ್ರ ಮಾಡುತ್ತಿರುವ ಒಬ್ಬ ಇಪ್ಪತ್ತೈದರ ಯುವಕ ಯಾವ ಶಾಟನ್ನು ಯಾಕೆ ಹಾಗೆ ಇಟ್ಟ ಎಂದು ತಾನೇ ಹೇಳುವುದನ್ನು ಕೇಳುತ್ತಾ ನೋಡುವುದು ಒಂದು ಪಾಠ. ಸ್ಟ್ರೀಮಿಂಗಿನಲ್ಲಿ, ಬಾಡಿಗೆಯಲ್ಲಿ ಇದು ಸಿಗುವುದು ಅಪರೂಪ.

ಈಗ ಕಷ್ಟದ ಭಾಗ. ಬ್ಲೂ-ರೇಗೂ ವಲಯ ಇದೆ. ಅಮೆರಿಕ ‘ಎ’. ಯುರೋಪು ‘ಬಿ’. ಭಾರತ ‘ಸಿ’. ಶೌಟ್‌ನ ಡಿಸ್ಕು ‘ಎ’ ವಲಯದ್ದು. ನಮ್ಮ ಊರಿನಲ್ಲಿ ಕೊಂಡ ಸಾಮಾನ್ಯ ಬ್ಲೂ-ರೇ ಪ್ಲೇಯರಿನಲ್ಲಿ ಅದು ಓಡುತ್ತದೆ ಎಂದು ನಂಬಿ ತರಿಸಬೇಡಿ. ಡಿವಿಡಿಯ ಹಾಗೆ ರಿಮೋಟಿನ ಗುಂಡಿ ಒತ್ತಿ ಬಿಡಿಸುವುದು ಇಲ್ಲಿ ಕಷ್ಟ. ಎಲ್ಲ ವಲಯಕ್ಕೂ ಒಪ್ಪುವ ಹಾಗೆ ಬದಲಾಯಿಸಿದ ಪ್ಲೇಯರ್ ಬೇಕು, ಅದು ಮಾಮೂಲಿ ಪ್ಲೇಯರಿಗಿಂತ ತುಂಬಾ ದುಬಾರಿ. ಅಮೆರಿಕದಿಂದ ಬಂದ ಪ್ಲೇಯರ್, ಅಥವಾ ಅಲ್ಲಿಂದಲೇ ಬಂದ, ಡಿಸ್ಕ್ ಓಡಿಸುವ ಗೇಮ್ ಕನ್ಸೋಲ್ ನಿಮ್ಮ ಮನೆಯಲ್ಲಿದ್ದರೆ ದಾರಿ ಸಲೀಸು. ಬ್ಲೂ-ರೇಗಿಂತ ಹೆಚ್ಚು ವಿವರದ 4ಕೆ ಡಿಸ್ಕುಗಳಿಗೆ ವಲಯದ ಬೀಗ ಇರುವುದಿಲ್ಲ. ಆದರೆ ಆ ಡಬ್ಬಿಯಲ್ಲಿ ಜೊತೆಗೆ ಬರುವ ಸಾಮಾನ್ಯ ಬ್ಲೂ-ರೇಗೆ ಬೀಗ ಇರಬಹುದು. ಹೆಚ್ಚುವರಿ ಸಾಮಗ್ರಿ ಎಷ್ಟೋ ಸಲ ಅದರಲ್ಲೇ ಇರುತ್ತದೆ, ನೆನಪಿರಲಿ.

ಇಂಥ ಸಣ್ಣ ಸಂಸ್ಥೆಗಳು ಚಿತ್ರದ ಹಕ್ಕನ್ನು ಕೆಲವು ವರ್ಷಕ್ಕೆ ಮಾತ್ರ ಪಡೆದಿರುತ್ತವೆ. ಹಕ್ಕು ಮುಗಿದು, ದಾಸ್ತಾನು ಖಾಲಿಯಾದರೆ, ಆಮೇಲೆ ಮಾರುವವರು ಹೇಳಿದ್ದೇ ಬೆಲೆ. ಅಮೆರಿಕದಲ್ಲೇ ಡಿಸ್ಕಿನ ಅಂಗಡಿಗಳು ಕಡಿಮೆಯಾಗುತ್ತಿವೆ. ನೆಟ್‌ಫ್ಲಿಕ್ಸ್ ತನ್ನ ಅಂಚೆಯ ಡಿವಿಡಿ ಸೇವೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಬೇಕೇ ಬೇಕು ಎನ್ನುವವರು ಸರಿಯಾದ ಬೆಲೆಗೆ ಕಂಡಾಗ ತೆಗೆದಿಡುವುದು ಒಳ್ಳೆಯದು.

ಹಾಗಾದರೆ ನಿಮಗೆ ಯಾವುದು?

ಮೈಸೂರಿನ ಗೆಳೆಯರಿಗೆ: ಈ ಒಂದು ಚಿತ್ರಕ್ಕಾಗಿ ಪ್ಲೇಯರ್ ಕೊಳ್ಳಬೇಡಿ. ನಿಮ್ಮಲ್ಲಿ ಬಾಡಿಗೆಗೆ ಸಿಕ್ಕರೆ ಎಚ್‌ಡಿ ಬಾಡಿಗೆ. ಉಳಿದ ದುಡ್ಡಿಗೆ ಟಿವಿಯ ಪಕ್ಕ ಎರಡು ಸಾಧಾರಣ ಸ್ಪೀಕರ್ ಇಡಿ. ತೆಳ್ಳಗಿನ ಟಿವಿಯ ಹಿಂಬದಿಯ ಸ್ಪೀಕರಿನಲ್ಲಿ ಆ ಸಿಂಥಸೈಜರಿನ ಕೆಳದನಿ ಬರುವುದೇ ಇಲ್ಲ. ಕಡಿಮೆ ದುಡ್ಡಿನಲ್ಲಿ ಈ ಚಿತ್ರ ನಿಮ್ಮ ಮೈಮೇಲೆ ಬರುವ ಹಾಗೆ ಮಾಡುವುದು ಡಿಸ್ಕಿಗಿಂತ ಮೊದಲು ಸ್ಪೀಕರ್. ಹೆಡ್‌ಫೋನ್ ಆದರೂ ಸರಿ. ಆದರೆ ಎಂಬತ್ತರ ದಶಕದ ಹತ್ತು ಹದಿನೈದು ಚಿತ್ರ ಕೂಡಿಡುವ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. ಆಗ ಎಲ್ಲ ವಲಯದ ಪ್ಲೇಯರಿನ ಖರ್ಚು ಚಿತ್ರಕ್ಕಿಷ್ಟು ಎಂದು ಹಂಚಿಹೋಗುತ್ತದೆ.

ಟೆಕ್ಸಾಸ್‌ನವರಿಗೆ: ಕೊಳ್ಳುವ ಮೊದಲು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಬಳಸಿ. ಅಲ್ಲಿ ಡಿಸ್ಕ್ ಇಲ್ಲದಿದ್ದರೂ ಬೇರೆ ಊರಿನ ಗ್ರಂಥಾಲಯದಿಂದ ತರಿಸಿಕೊಡುವ ಏರ್ಪಾಡು ಅನೇಕ ಕಡೆ ಇದೆ. ಕೆಲವು ಗ್ರಂಥಾಲಯಗಳ ಕಾರ್ಡಿಗೆ ಹೂಪ್ಲಾ, ಕ್ಯಾನೊಪಿಯಂಥ ಸ್ಟ್ರೀಮಿಂಗ್ ಸೇವೆಯೂ ಸೇರಿರುತ್ತದೆ, ಜಾಹೀರಾತಿಲ್ಲದೆ. ಬ್ಲೂ-ರೇಯನ್ನು ಒಮ್ಮೆ ತಂದು, ಗ್ರಂಥಾಲಯದ ದೃಶ್ಯವನ್ನೂ ಟಾಯ್ಲೆಟ್ಟಿನ ದೃಶ್ಯವನ್ನೂ ನಿಮ್ಮ ಡಿವಿಡಿಯ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಕೊಳ್ಳಿ. ನಿಮ್ಮ ಟಿವಿ 55 ಇಂಚಿನ ಮೇಲಿದ್ದರೆ ಕಾಣುತ್ತದೆ ಎಂದು ನನ್ನ ನಂಬಿಕೆ. ಡಿವಿಡಿಯನ್ನು ಊರಿನಲ್ಲಿರುವ ತಮ್ಮನಿಗೋ ಗೆಳೆಯನಿಗೋ ಕೊಡುವುದಾದರೆ, ಅವನ ಪ್ಲೇಯರಿನ ವಲಯ ಕೇಳಿಕೊಂಡು ಕೊಡಿ.

ಮಗನ ಜೊತೆ ನೋಡಬೇಕೆಂದವರಿಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಮೆರಿಕದಲ್ಲಿ ಇದಕ್ಕೆ ಕೊಟ್ಟ ದರ್ಜೆ ಪಿಜಿ-13, ಅಂದರೆ 13 ವರ್ಷದೊಳಗಿನವರಿಗೆ ಕೆಲವು ಭಾಗ ಹೊಂದದಿರಬಹುದು ಎಂದು ಹೆತ್ತವರಿಗೆ ಎಚ್ಚರಿಕೆ. ಬೈಗುಳ ಇದೆ, ಹೊಡೆದಾಟ ಇದೆ, ಚಾಕು ಇದೆ. ಹುಡುಗ ತಾನು ನೋಡಿಕೊಳ್ಳುವ ಅಂಗಡಿಯ ದುಡ್ಡನ್ನೇ ಕದಿಯುತ್ತಾನೆ. ಶಿಕ್ಷೆಯಾಗಿ ಶಾಲೆಯಲ್ಲೇ ಕೂರಿಸಲಿ ಎಂದು ಪಾಠದ ನಡುವೆ ಶಿಕ್ಷಕಿಗೆ ಮುತ್ತಿಡುವ ದೃಶ್ಯ ಒಂದಿದೆ. ಆಗ ಅದನ್ನು ತಮಾಷೆ ಎಂದು ತೆಗೆದರು, ಈಗ ಅದರ ಬಗ್ಗೆ ಮಗನ ಜೊತೆ ಎರಡು ಮಾತಾಡಬೇಕಾಗುತ್ತದೆ. ಹಾಗಾಗಿ ಮೊದಲು ನೀವೊಬ್ಬರೇ ಬಾಡಿಗೆಗೆ ತಂದು ನೋಡಿ. ನನ್ನ ಪ್ರಕಾರ ಒಂಬತ್ತನೇ ಕ್ಲಾಸಿನವರಿಗೆ ತೋರಿಸಬಹುದು, ತೋರಿಸಬೇಕು ಕೂಡ. ಪುಂಡನಿಗೆ ಹೆದರುವುದು, ದೊಡ್ಡವರಿಗೆ ಹೇಳಲಾಗದೆ ಒದ್ದಾಡುವುದು, ಒಂದು ಸುಳ್ಳು ಇನ್ನೊಂದನ್ನು ಹೆರುವುದು, ಇದೆಲ್ಲ ನಮ್ಮ ಮಕ್ಕಳೂ ದಿನಾ ಕಾಣುವುದೇ. ಜೆರ್ರಿಯಾಗಿ ಕೇಸಿ ಶೆಮಾಷ್ಕೊ ಆ ಹೆದರಿಕೆಯನ್ನು ಮುಖದಲ್ಲಿ ಹೊತ್ತು ತಿರುಗುತ್ತಾರೆ. ಬಡ್ಡಿಯಾಗಿ ರಿಚರ್ಡ್ ಟೈಸನ್ ದನಿ ಏರಿಸುವುದೇ ಅಪರೂಪ, ಅದಕ್ಕೇ ಹೆಚ್ಚು ಭಯ.

ಒಂದು ದೃಶ್ಯ ಮಾತ್ರ ಕೈತಪ್ಪಿಸಬೇಡಿ. ಹೊಸದಾಗಿ ನೋಡುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಜೆರ್ರಿ ಕದ್ದ ದುಡ್ಡನ್ನು ಬಡ್ಡಿಗೆ ಕೊಟ್ಟು ಹೊಡೆದಾಟ ತಪ್ಪಿಸಿಕೊಳ್ಳುತ್ತಾನೆ. ಬಡ್ಡಿ ದುಡ್ಡು ತೆಗೆದುಕೊಂಡು ಅವನನ್ನು ಹೇಡಿಯಂತೆ ನೋಡುತ್ತಾನೆ. ಏಟಿಗಿಂತ ಆ ನೋಟ ಜಾಸ್ತಿ ಚುಚ್ಚುತ್ತದೆ. ಜೆರ್ರಿ ವಾಪಸ್ ಹೋಗಿ ದುಡ್ಡು ಕೇಳುತ್ತಾನೆ. ಎಲ್ಲ ಮುಗಿದ ಮೇಲೆ ಅಂಗಡಿಯ ಲೆಕ್ಕ ತುಂಬಿಸಲು ಶಾಲೆಯ ಮಕ್ಕಳು ಸಾಲಾಗಿ ಬಂದು ಒಂದೊಂದು ಖಾಲಿ ಹಾಳೆಯನ್ನು ಒಂದೊಂದು ಡಾಲರ್ ಕೊಟ್ಟು ಕೊಳ್ಳುತ್ತಾರೆ. ಬಾಡಿಗೆಯಲ್ಲಿ ನೋಡಿದರೂ, ಡಿವಿಡಿಯಲ್ಲಿ ನೋಡಿದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಯಾವುದನ್ನೇ ಆರಿಸಿದರೂ ಟಿವಿಯ ಸೆಟ್ಟಿಂಗಿಗೆ ಒಮ್ಮೆ ಹೋಗಿ. ಚಲನೆಯನ್ನು ನಯ ಮಾಡುವ ಸೌಲಭ್ಯ (ಮೋಷನ್ ಸ್ಮೂದಿಂಗ್) ಇದ್ದರೆ ಅದನ್ನು ಆಫ್ ಮಾಡಿಬಿಡಿ. ಅದು ಫಿಲ್ಮನ್ನು ಧಾರಾವಾಹಿಯ ಹಾಗೆ ಕಾಣಿಸುತ್ತದೆ, ಸೊನೆನ್‌ಫೆಲ್ಡ್ ಅವರ ಓಡುವ ಶಾಟುಗಳಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಚಿತ್ರವನ್ನು ಮಾಡಿದವರು ಬಯಸಿದ ಹಾಗೆಯೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಹಾಕಿ. ಚಿತ್ರವನ್ನು ಎಳೆದು ಪರದೆ ತುಂಬಿಸಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಹುಡುಗರ ಗುಸುಗುಸು ಮಾತು ಬೇಗ ಬೇಗ ಬರುತ್ತದೆ.

ಭಾನುವಾರ ಊಟ ಮುಗಿಸಿ, ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು, ಮಧ್ಯಾಹ್ನ ಸರಿಯಾಗಿ ಒಂದೂವರೆಗೆ ಶುರು ಮಾಡಿ. ಚಿತ್ರ 90 ನಿಮಿಷ. ನಿಮ್ಮ ಗೋಡೆಯ ಗಡಿಯಾರವೂ ಅವರ ಗಡಿಯಾರದ ಜೊತೆ ಮೂರರ ಕಡೆಗೇ ಹೋಗುತ್ತಿರುತ್ತದೆ.